ಹಳೆಯ ಟ್ರ್ಯಾಕ್ಟರ್ ಪುಲ್ಲಿಂಗ್‌ಗೆ: ಹೆಡ್ ಎಷ್ಟು ಮಿಲ್ ಮಾಡಿಸಬೇಕು?

ಪ್ರಶ್ನೆ: ಫಾರ್ಮಾಲ್ ಎಂ ಟ್ರ್ಯಾಕ್ಟರನ್ನು ಪುಲ್ಲಿಂಗ್ ಸ್ಪರ್ಧೆಗೆ (ತೂಕ ಹೇರಿದ ಸ್ಲೆಡ್, ಅಂದರೆ ಜಾರುಬಂಡಿ ಎಳೆಯುವ ಪಂದ್ಯ) ರೆಡಿ ಮಾಡುತ್ತಿದ್ದೇನೆ. ಹೆಡ್ ಮಿಲ್ ಮಾಡಿಸಿದರೆ ಕಂಪ್ರೆಷನ್ ಏರಿ ಪವರ್ ಜಾಸ್ತಿ ಬರುತ್ತದೆ ಅಂತಾರೆ. ಎಷ್ಟು ತೆಗೆಸಬಹುದು?

ಹೆಡ್ ಅಂದರೆ ಸಿಲಿಂಡರುಗಳ ಮೇಲೆ ಕೂರುವ ಎರಕದ ಮುಚ್ಚಳ, ಮಿಲ್ ಮಾಡುವುದು ಅಂದರೆ ಅದರ ಅಡಿಯನ್ನು ಯಂತ್ರದಲ್ಲಿ ಸವರುವುದು. ಅದು ಸಪಾಟಾಗುವಷ್ಟು ತೆಗೆಸಿ. ಅದಕ್ಕಿಂತ ಜಾಸ್ತಿ ತೆಗೆಸುವ ಮನಸ್ಸಿದ್ದರೆ ಮೊದಲು ಒಂದು ಸಣ್ಣ ಲೆಕ್ಕ ಹಾಕಿ, ಅರ್ಧ ಆಸೆ ಅಲ್ಲೇ ಇಳಿಯುತ್ತದೆ.

ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ 1939ರಿಂದ 1952ರವರೆಗೆ ಮಾಡಿದ ಈ ಎಂ ಟ್ರ್ಯಾಕ್ಟರಿನ ಎಂಜಿನ್ 248 ಕ್ಯೂಬಿಕ್ ಇಂಚಿನದು. ಬೋರ್ (ಸಿಲಿಂಡರಿನ ಅಗಲ) 3 7/8 ಇಂಚು, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 5 1/4 ಇಂಚು. ಅಂದರೆ ಒಂದೊಂದು ಸಿಲಿಂಡರಿಗೂ ಸುಮಾರು 1014 ಸಿಸಿ. ಕಂಪ್ರೆಷನ್, ಅಂದರೆ ಪಿಸ್ಟನ್ ಮೇಲೆ ಬಂದಾಗ ಒಳಗಿನ ಜಾಗ ಎಷ್ಟು ಪಟ್ಟು ಕುಗ್ಗುತ್ತದೆ ಅನ್ನುವುದು, 5.7 ಅಂತ ಇಟ್ಟುಕೊಳ್ಳಿ. ಆಗ ಪಿಸ್ಟನ್ ಮೇಲೆ ಬಂದು ನಿಂತಾಗ ಉಳಿಯುವ ಜಾಗ ಸುಮಾರು 216 ಸಿಸಿ. ಈಗ ಹೆಡ್‌ನಿಂದ ಎರಡೂವರೆ ಮಿಲಿಮೀಟರ್ ತೆಗೆಸಿದಿರಿ ಅನ್ನೋಣ, ಅದೇನು ಕಡಿಮೆಯಲ್ಲ. ಚೇಂಬರಿನ (ಹೆಡ್‌ನಲ್ಲಿ ಪೆಟ್ರೋಲ್ ಉರಿಯುವ ಕುಳಿ) ಬಾಯಿ ಬೋರ್‌ನಷ್ಟೇ ಅಗಲ ಇದ್ದರೂ ಕಳೆಯುವುದು 19 ಸಿಸಿ ಮಾತ್ರ, ಕಂಪ್ರೆಷನ್ 6.15ರ ಹತ್ತಿರ ಬಂದು ನಿಲ್ಲುತ್ತದೆ. ಪವರ್ ಲೆಕ್ಕದಲ್ಲಿ ಇದು ನೂರಕ್ಕೆ ಮೂರು ಚಿಲ್ಲರೆ. ಇನ್ನು 8ಕ್ಕೆ ಮುಟ್ಟಿಸಬೇಕು ಅಂತ ಹಟ ಹಿಡಿದರೆ ಒಂಬತ್ತು ಮಿಲಿಮೀಟರಿಗೂ ಜಾಸ್ತಿ ತೆಗೆಯಬೇಕು. ಅಷ್ಟರಲ್ಲಿ ಹೆಡ್ ಒಳಗೆ ತಂಪಿನ ನೀರು ಹರಿಯುವ ಜಾಕೆಟ್ ಕಣ್ಣಿಗೇ ಕಾಣುತ್ತಿರುತ್ತದೆ!

ಕಂಪ್ರೆಷನ್ ದೊಡ್ಡ ಮಟ್ಟದಲ್ಲಿ ಏರಬೇಕಾದರೆ ಪಿಸ್ಟನ್ ಬದಲಾಯಿಸಬೇಕು. ಗಾಳಿ ತೆಳುವಾಗಿರುವ ಎತ್ತರದ ಪ್ರದೇಶಗಳಿಗೆ ಅಂತಲೇ ಆ ಕಾಲದಲ್ಲಿ ಹೆಚ್ಚು ಕಂಪ್ರೆಷನ್‌ನ ಪಿಸ್ಟನ್ ಬರುತ್ತಿದ್ದವು. ತಗ್ಗು ಪ್ರದೇಶದಲ್ಲಿ ಅವನ್ನೇ ಹಾಕಿ ಪವರ್ ತೆಗೆಯುವ ಚಾಳಿ ಹಳೆಯದು. ಆದರೆ ನೀವು ಇಳಿಯುವ ಕ್ಲಾಸಿನಲ್ಲಿ ಏನು ಬದಲಾಯಿಸಬಹುದು, ಏನು ಬದಲಾಯಿಸಬಾರದು ಅನ್ನುವುದನ್ನು ಮೊದಲೇ ನಿಯಮದಲ್ಲಿ ಓದಿಕೊಳ್ಳಿ. ದುಡ್ಡು ಸುರಿದ ಮೇಲೆ ಓದಿ ಏನು ಪ್ರಯೋಜನ?

ಹಾಗಾದರೆ ಹೆಡ್‌ನಲ್ಲಿ ಏನೂ ಸಿಗುವುದಿಲ್ಲವಾ? ಸಿಗುತ್ತದೆ, ಆದರೆ ಬೇರೆ ಕಡೆ. ವಾಲ್ವ್ ಮುಚ್ಚಿ ಕೂರುವ ಸೀಟಿನ ಹಿಂದೆ ಗಾಳಿ ತಿರುಗುವ ಒಂದು ಬಟ್ಟಲಿನಂಥ ಜಾಗ ಇದೆ ನೋಡಿ, ನನ್ನ ಪ್ರಕಾರ ಮುಕ್ಕಾಲು ಪಾಲು ಲಾಭ ಅಲ್ಲೇ ಇರುವುದು. ಹಳೆಯ ಎರಕದ ಹೆಡ್‌ಗಳಲ್ಲಿ ಅಲ್ಲಿ ಎರಕದ ಗಂಟುಗಳಿರುತ್ತವೆ, ಸೀಟ್ ಕತ್ತರಿಸಿದ ಟೂಲ್ ಬಿಟ್ಟುಹೋದ ಚೂಪು ಅಂಚು ಇರುತ್ತದೆ, ವಾಲ್ವ್‌ನ ಕಾಂಡ ಜಾರುವ ಗೈಡ್‌ನ ಸುತ್ತ ಕಬ್ಬಿಣ ದಪ್ಪಗೆ ನಿಂತಿರುತ್ತದೆ, ಗಾಳಿ ಅದಕ್ಕೆಲ್ಲ ಬಡಿದುಕೊಂಡೇ ಒಳಗೆ ಹೋಗಬೇಕು. ಆ ಅಂಚು ಸವರಿ, ಬಟ್ಟಲಿನಿಂದ ಸೀಟಿಗೆ ನುಣ್ಣಗೆ ಸೇರಿಸಿ, ಸೀಟಿಗೆ ಮೂರು ಕೋನ ಕೊಡಿಸಿ. ಬೆಂಕಿಯೆಲ್ಲ ಹಾಯ್ದುಹೋಗುವುದು ಎಕ್ಸಾಸ್ಟ್ ಕಡೆ, ಹಾಗಾಗಿ ಅಲ್ಲಿ ಗಟ್ಟಿ ಸೀಟ್ ರಿಂಗ್ ಕೂರಿಸಿದರೆ ಒಳ್ಳೆಯದು.

ಪೋರ್ಟನ್ನು (ಹೆಡ್ ಒಳಗೆ ಗಾಳಿ ಹಾಯುವ ದಾರಿ) ಮಾತ್ರ ಸುಮ್ನೆ ದೊಡ್ಡದು ಮಾಡಬೇಡಿ. ತುಂಬಾ ಜನ ಗ್ರೈಂಡರ್ ಕೈಗೆ ಸಿಕ್ಕ ಕೂಡಲೇ ಇದೇ ತಪ್ಪು ಮಾಡುತ್ತಾರೆ. ಈ ಎಂಜಿನ್‌ಗೆ ಕಂಪನಿ ಇಟ್ಟ ವೇಗವೇ 1450 ಆರ್‌ಪಿಎಂ. ಪುಲ್ಲಿಂಗ್‌ನಲ್ಲಿ ಸ್ಲೆಡ್ ಮುಂದೆ ಸಾಗಿದಂತೆ ಅದರ ಮೇಲಿನ ತೂಕದ ಪೆಟ್ಟಿಗೆ ಟ್ರ್ಯಾಕ್ಟರಿನ ಕಡೆಗೆ ಜರುಗುತ್ತಾ ಬರುತ್ತದೆ, ಎಳೆತ ಬಿಗಿಯುತ್ತದೆ, ಎಂಜಿನ್ ಕುಗ್ಗುತ್ತದೆ. ಗೆಲ್ಲುವುದೋ ಸೋಲುವುದೋ ಆ ಕುಗ್ಗಿದ ಹೊತ್ತಿನಲ್ಲೇ ತೀರ್ಮಾನ. ಪೋರ್ಟ್ ವಿಪರೀತ ಅಗಲವಾದರೆ ಕಡಿಮೆ ಆರ್‌ಪಿಎಂನಲ್ಲಿ ಗಾಳಿಯ ಓಟ ನಿಧಾನವಾಗುತ್ತದೆ, ಪೆಟ್ರೋಲ್ ಸರಿಯಾಗಿ ಬೆರೆಯುವುದಿಲ್ಲ, ಬೇಕಾದ ಹೊತ್ತಿಗೇ ಟಾರ್ಕ್ ಕೈಕೊಡುತ್ತದೆ.

ಹೆಡ್‌ಗೆ ಗಾಳಿ ತರುವ, ಹೊಗೆ ಒಯ್ಯುವ ಕೊಳವೆಗಳ ಜೋಡಣೆ, ಅಂದರೆ ಮ್ಯಾನಿಫೋಲ್ಡ್ ಕಡೆಗೂ ಒಮ್ಮೆ ನೋಡಿ. ಸೀಮೆಎಣ್ಣೆ ಇಲ್ಲವೇ ಅದರಂಥದೇ ಡಿಸ್ಟಿಲೇಟ್ ಎಣ್ಣೆಯಲ್ಲಿ ಓಡಲೆಂದು ಮಾಡಿದ ಟ್ರ್ಯಾಕ್ಟರುಗಳಲ್ಲಿ ಎಕ್ಸಾಸ್ಟ್ ಬಿಸಿಯಿಂದ ಇಂಟೇಕನ್ನು ಚೆನ್ನಾಗಿ ಕಾಯಿಸುತ್ತಿದ್ದರು, ಇಲ್ಲದಿದ್ದರೆ ಆ ಎಣ್ಣೆ ಆವಿಯಾಗುತ್ತಿರಲಿಲ್ಲ. ಪೆಟ್ರೋಲಿಗೆ ಅಷ್ಟು ಬಿಸಿ ಬೇಡ. ಬಿಸಿ ಗಾಳಿ ತೆಳು, ತೆಳು ಗಾಳಿಯಲ್ಲಿ ಪವರ್ ಕಡಿಮೆ. ನಿಯಮ ಒಪ್ಪಿದರೆ ಪೆಟ್ರೋಲ್ ಮ್ಯಾನಿಫೋಲ್ಡ್ ಹಾಕಿ.

ಹೆಡ್ ಹೊರಗೆ ಕೊಡುವ ಮೊದಲು ಬಿರುಕು ಪರೀಕ್ಷೆ ಮಾಡಿಸಿ, ಮುಖ್ಯವಾಗಿ ಎರಡು ವಾಲ್ವ್ ಸೀಟುಗಳ ನಡುವೆ. ಬಿರುಕು ಬಿಟ್ಟ ಹೆಡ್‌ಗೆ ಮಿಲ್ಲಿಂಗ್ ದಂಡ. ಮಿಲ್ ಆದ ಮೇಲೆ ನಾಲ್ಕೂ ಚೇಂಬರುಗಳನ್ನು ಅಳೆಯಿರಿ. ಪ್ಲಗ್ ಹಾಕಿ, ವಾಲ್ವ್ ಕೂರಿಸಿ, ಗ್ರೀಸ್ ಸವರಿದ ಅಕ್ರಿಲಿಕ್ ಹಾಳೆ ಮುಚ್ಚಿ, ಅದರ ತೂತಿನಿಂದ ಬ್ಯೂರೆಟ್‌ನಲ್ಲಿ ಬಣ್ಣದ ನೀರು ಬಿಟ್ಟರೆ ಎಷ್ಟು ಸಿಸಿ ಅಂತ ಗೊತ್ತಾಗುತ್ತದೆ. ಕಡಿಮೆ ಹಿಡಿಯುವ ಚೇಂಬರನ್ನು ಸ್ವಲ್ಪ ಸ್ವಲ್ಪವೇ ಸವರಿ ಉಳಿದವುಗಳ ಸಮಕ್ಕೆ ತನ್ನಿ. ತಾಳ್ಮೆ ಬೇಡುವ ಕೆಲಸ, ಆದರೆ ನಾಲ್ಕೂ ಸಿಲಿಂಡರ್ ಒಂದೇ ಸಮ ದುಡಿಯಬೇಕಲ್ವಾ?

ಹೆಡ್ ಕೆಳಗೆ ಇಳಿದ ಮೇಲೆ ಪುಶ್ ರಾಡ್ (ಕೆಳಗಿನ ಕ್ಯಾಮ್‌ನ ತಳ್ಳನ್ನು ಮೇಲಕ್ಕೆ ಒಯ್ಯುವ ಕಡ್ಡಿ) ಅಷ್ಟರ ಮಟ್ಟಿಗೆ ಉದ್ದವಾದ ಹಾಗೇ ಲೆಕ್ಕ. ಟ್ಯಾಪೆಟ್ ಸ್ಕ್ರೂ ತಿರುಗಿಸಿ ಗ್ಯಾಪ್ ಸರಿ ಮಾಡಬಹುದು, ಆದರೆ ವಾಲ್ವ್ ಒತ್ತುವ ರಾಕರ್ ತೋಳು ಓರೆಯಾಗಿ ಒತ್ತಿ ಗೈಡ್ ಸವೆಸುತ್ತದೆ. ತೆಗೆದಷ್ಟೇ ದಪ್ಪದ ಶಿಮ್ಮನ್ನು (ತೆಳು ಲೋಹದ ಪಟ್ಟಿ) ರಾಕರ್ ಸ್ಟ್ಯಾಂಡ್ ಕೆಳಗೆ ಕೊಡುವುದು ಸುಲಭದ ದಾರಿ. ಕ್ಯಾಮ್ ಕೂಡ ಬದಲಾಯಿಸಿದ್ದರೆ ಪಿಸ್ಟನ್ ಮೇಲೆ ಮೇಣದ ಜೇಡಿ ಇಟ್ಟು, ಹೆಡ್ ಬಿಗಿದು, ಎಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ನೋಡಿ. ವಾಲ್ವ್ ಎಷ್ಟು ಹತ್ತಿರ ಬರುತ್ತದೆ ಅನ್ನುವುದು ಜೇಡಿಯಲ್ಲೇ ಅಚ್ಚಾಗಿರುತ್ತದೆ.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ಹೆಡ್ ತೆಳುವಾದಾಗ ಅದನ್ನು ಬಿಗಿಯುವ ಸ್ಟಡ್ (ಎಂಜಿನ್‌ನಲ್ಲಿ ನೆಟ್ಟ ಬೋಲ್ಟ್) ಅಷ್ಟು ಜಾಸ್ತಿ ಹೊರಗೆ ಬರುತ್ತದೆ. ಆಗ ನಟ್ ಥ್ರೆಡ್ಡಿನ ಕೊನೆಗೆ ಹೋಗಿ ನಿಂತುಬಿಡಬಹುದು. ಟಾರ್ಕ್ ರೆಂಚ್ ಟಿಕ್ ಅನ್ನುತ್ತದೆ, ಹೆಡ್ ಮಾತ್ರ ಬಿಗಿದಿರುವುದಿಲ್ಲ, ಮೊದಲನೇ ಎಳೆತಕ್ಕೇ ಗ್ಯಾಸ್ಕೆಟ್ ಹೋಗುತ್ತದೆ. ದಪ್ಪ, ಗಟ್ಟಿ ವಾಷರ್ ಹಾಕಿ ಬಿಗಿಯಿರಿ. ಎಂಜಿನ್ ಒಮ್ಮೆ ಚೆನ್ನಾಗಿ ಕಾದು ತಣಿದ ಮೇಲೆ ಇನ್ನೊಮ್ಮೆ ಬಿಗಿದು, ಟ್ಯಾಪೆಟ್ ಮತ್ತೆ ಸೆಟ್ ಮಾಡಿಕೊಳ್ಳಿ.