ನಕ್ಷೆಯಲ್ಲಿ ಹಳಿ ಇದೆ, ಆ ವರ್ಷ ರೈಲು ಇತ್ತೇ?

ಓದುಗರ ಪ್ರಶ್ನೆ: ಅಮೆರಿಕದ ಮೊಹಾವಿ ಮರುಭೂಮಿಯ ಹಳೇ ನಕ್ಷೆಯಲ್ಲಿ ‘ಟೊನೊಪಾ ಆಂಡ್ ಟೈಡ್‌ವಾಟರ್’ ರೈಲು ಮಾರ್ಗ ಕಾಣಿಸುತ್ತದೆ. ನಕ್ಷೆಯ ಮೇಲಿನ ಇಸವಿಯಲ್ಲಿ ಅಲ್ಲಿ ರೈಲು ಓಡುತ್ತಿತ್ತು ಎಂದು ನಂಬಬಹುದೇ?

ಆ ಇಸವಿ ಯಾವುದರದ್ದು ಎಂದು ಮೊದಲು ನೋಡಿ. ಯುಎಸ್‌ಜಿಎಸ್ (ಅಮೆರಿಕ ಸರ್ಕಾರದ ಭೂವೈಜ್ಞಾನಿಕ ಸರ್ವೆ ಸಂಸ್ಥೆ) ನಕ್ಷೆಯ ಅಂಚಿನಲ್ಲಿ ಒಂದಲ್ಲ, ಮೂರು ಇಸವಿಗಳಿರಬಹುದು: ಸರ್ವೆ ಮಾಡಿದ್ದು, ಆವೃತ್ತಿ ಹೊರಬಂದದ್ದು, ಮರುಮುದ್ರಣವಾದದ್ದು. ನೆಲದ ಮೇಲೆ ಏನಿತ್ತು ಎಂದು ಸಾಮಾನ್ಯವಾಗಿ ಹೇಳುವುದು ಸರ್ವೆಯ ಇಸವಿ.

ಇವುಗಳ ನಡುವೆ ಅಷ್ಟು ಅಂತರ ಯಾಕೆ? ಆಗಿನ ಕೆಲಸವೇ ಹಾಗಿತ್ತು. ಸರ್ವೆಯವರು ಬೆಟ್ಟ ಹತ್ತಿ, ಮುಕ್ಕಾಲಿಯ ಮೇಲೆ ಹಲಗೆ ಇಟ್ಟು, ಅದರ ಮೇಲಿನ ದುರ್ಬೀನಿನಿಂದ ದೂರದ ಶಿಖರಗಳಿಗೆ ಗುರಿ ಹಿಡಿಯುತ್ತಿದ್ದರು. ಎತ್ತರ ತೋರಿಸುವ ಕಂದು ಗೆರೆಗಳನ್ನು ಅಲ್ಲೇ ನಿಂತು ಕೈಯಲ್ಲಿ ಬರೆಯುತ್ತಿದ್ದರು. ನೆರಳಿಲ್ಲದ, ನೀರಿಲ್ಲದ ಜಾಗದಲ್ಲಿ ಇದನ್ನು ಮಾಡಿದ ಅವರ ಬಗ್ಗೆ ನನಗೆ ತುಂಬಾ ಗೌರವವಿದೆ. ಆಮೇಲೆ ನಕ್ಷೆಯನ್ನು ತಾಮ್ರದ ಫಲಕದ ಮೇಲೆ ಕೊರೆಯುತ್ತಿದ್ದರು. ಎಷ್ಟೋ ವರ್ಷದ ನಂತರ ಪ್ರತಿ ಬೇಕಾದಾಗ ಹೊಸ ಸರ್ವೆ ಮಾಡದೆಯೇ ಮತ್ತೆ ಅಚ್ಚು ಹಾಕಬಹುದಿತ್ತು. ಹಾಗಾಗಿ ಕಿತ್ತುಹೋದ ಹಳಿಯೂ ಮರುಮುದ್ರಣದಲ್ಲಿ ಹಾಗೇ ಉಳಿದಿರಬಹುದು.

ಈ ರೈಲಿನ ಕತೆ ಗೊತ್ತಿದ್ದರೆ ಸರ್ವೆಯ ಕಾಲ ಹಿಡಿಯುವುದು ಸುಲಭ. ಬೋರಾಕ್ಸ್ (ಬಿಳಿಗಾರ) ವ್ಯಾಪಾರಿ ಫ್ರಾನ್ಸಿಸ್ ಮೇರಿಯನ್ ಸ್ಮಿತ್ ಇದನ್ನು 1905ರಲ್ಲಿ ಕ್ಯಾಲಿಫೋರ್ನಿಯಾದ ಲಡ್ಲೋದಿಂದ ಶುರು ಮಾಡಿಸಿದರು. 1907ಕ್ಕೆ ಹಳಿ ನೆವಾಡಾ ಮುಟ್ಟಿತ್ತು. 1940ರಲ್ಲಿ ಓಡಾಟ ನಿಂತಿತು, ಎರಡನೇ ಮಹಾಯುದ್ಧದ ಹೊತ್ತಿಗೆ ಹಳಿಗಳನ್ನೂ ಕಿತ್ತರು.

ನನಗೆ ಜಾಸ್ತಿ ಇಷ್ಟವಾದ ಸುಳಿವು ಈ ಮಾರ್ಗದಲ್ಲಿ ಸಿಗುವ ಸಿಲ್ವರ್ ಲೇಕ್. ಹೆಸರಿಗೆ ಕೆರೆ, ಸಾಮಾನ್ಯವಾಗಿ ಒಣ ಬಯಲು. ಮೊದಲ ಹಳಿಯನ್ನು ಆ ಬಯಲಿನ ಮೇಲೇ ಹಾಕಿದ್ದರು. 1916ರಲ್ಲಿ ಮೊಹಾವಿ ನದಿಯ ನೆರೆ ಬಂದು ಕೆರೆ ನಿಜಕ್ಕೂ ತುಂಬಿತು, ಹಳಿ ಮುಳುಗಿತು. ಮಾರ್ಗವನ್ನು ಪೂರ್ವದ ದಡಕ್ಕೆ ಸರಿಸಬೇಕಾಯಿತು. ನಿಮ್ಮ ನಕ್ಷೆಯಲ್ಲಿ ಹಳಿ ಕೆರೆಯಂಗಳ ದಾಟುತ್ತಿದ್ದರೆ, ಮುದ್ರಣದ ಇಸವಿ ಏನೇ ಇರಲಿ, ಆ ಮಾಹಿತಿ 1916ಕ್ಕಿಂತ ಹಿಂದಿನದು.

ಸ್ಕೇಲನ್ನೂ ಗಮನಿಸಿ. 1:2,50,000 ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಅಂದರೆ ಎರಡೂವರೆ ಕಿಲೋಮೀಟರ್, ಸಣ್ಣ ತಿರುವುಗಳೆಲ್ಲ ಅದರಲ್ಲಿ ಮಾಯ. ಹಳಿಯ ಏರಿ ಸರಿಯಾಗಿ ಎಲ್ಲಿತ್ತು ಎಂದು ತಿಳಿಯಲು ಮುಂದೆ ಬಂದ 1:62,500 ಅಥವಾ 1:24,000 ನಕ್ಷೆಗಳೇ ಬೇಕು. ಹಳಿ ಹೋದ ಮೇಲೂ ಇಂಥ ಏರಿಗಳನ್ನು ‘ಓಲ್ಡ್ ರೈಲ್‌ರೋಡ್ ಗ್ರೇಡ್’ (ಹಳೇ ರೈಲು ಏರಿ) ಎಂದು ಗುರುತಿಸುವುದುಂಟು. ಯುಎಸ್‌ಜಿಎಸ್‌ನ ‘ಟೋಪೊವ್ಯೂ’ ಜಾಲತಾಣದಲ್ಲಿ ಹಳೇ ಆವೃತ್ತಿಗಳು ಉಚಿತವಾಗಿ ಸಿಗುತ್ತವೆ. ಒಂದೇ ಜಾಗದ ಎರಡನ್ನು ಇಳಿಸಿಕೊಂಡು ಸಿಲ್ವರ್ ಲೇಕ್‌ನಿಂದಲೇ ಹೋಲಿಸಲು ಶುರು ಮಾಡಿ.