ಬೈಜಾಂಟೈನ್: ಸತ್ತ ಮೇಲೆ ಇಟ್ಟ ಹೆಸರು

ಇಂಗ್ಲಿಷ್ ಪೇಪರ್ ಓದುವವರು ‘ಬೈಜಾಂಟೈನ್’ ಅನ್ನೋ ಪದವನ್ನು ಬೈಗುಳವಾಗಿ ಕಂಡಿರುತ್ತಾರೆ. ಫೈಲು ಹತ್ತು ಟೇಬಲ್ ಸುತ್ತಬೇಕು, ನಿಯಮದ ತಲೆಬುಡ ಯಾರಿಗೂ ತಿಳಿಯಬಾರದು, ಅಂಥ ವ್ಯವಸ್ಥೆಗೆ ಈ ಪದ ಅಂಟಿಸುತ್ತಾರೆ. ಇತಿಹಾಸದಲ್ಲಿ ಅದು ಸಾವಿರ ವರ್ಷಕ್ಕಿಂತ ಜಾಸ್ತಿ ಬಾಳಿದ ಒಂದು ಸಾಮ್ರಾಜ್ಯದ ಹೆಸರು. ತಮಾಷೆ ಏನೆಂದರೆ, ಅಲ್ಲಿನವರು ತಮ್ಮ ರಾಜ್ಯವನ್ನು ಒಂದು ದಿನವೂ ಹಾಗೆ ಕರೆಯಲಿಲ್ಲ.

ಬಾಸ್ಫೊರಸ್ ಜಲಸಂಧಿಯ ದಡದಲ್ಲಿ ಬೈಜಾಂಟಿಯಾನ್ ಎಂಬ ಗ್ರೀಕ್ ಊರಿತ್ತು. ಬೈಜಾಸ್ ಎಂಬವನು ಕಟ್ಟಿಸಿದ್ದಂತೆ, ಅದಕ್ಕೇ ಆ ಹೆಸರಂತೆ. ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ 330ರಲ್ಲಿ ಅದನ್ನೇ ತನ್ನ ಹೊಸ ರಾಜಧಾನಿ ಮಾಡಿಕೊಂಡ. ಊರು ಕಾನ್‌ಸ್ಟಾಂಟಿನೋಪಲ್ ಆಯಿತು. ಈಗಿನ ಇಸ್ತಾಂಬುಲ್.

476ರಲ್ಲಿ ರೋಮ್ ಬಿತ್ತು ಅಂತ ಶಾಲೆಯಲ್ಲಿ ಓದಿದ್ದೆವು, ಅಲ್ವಾ? ಬಿದ್ದದ್ದು ಪಶ್ಚಿಮದ ಅರ್ಧ ಮಾತ್ರ. ಪೂರ್ವದ ಅರ್ಧ ಅದೇ ಕಾನೂನು, ಅದೇ ಸಿಂಹಾಸನ ಇಟ್ಟುಕೊಂಡು ಮುಂದುವರಿಯಿತು. ಆಡುವ ಮಾತು ಗ್ರೀಕ್. ಆದರೂ ‘ನೀವು ಯಾರು’ ಅಂದರೆ ‘ರೊಮೈಯೊಯ್’, ಅಂದರೆ ರೋಮನ್ನರು ಎಂದೇ ಹೇಳುತ್ತಿದ್ದರು.

ಹೆಸರಿನ ಜಗಳ ಶುರುವಾದದ್ದು ಪಶ್ಚಿಮದಲ್ಲಿ. 800ರಲ್ಲಿ ಪೋಪ್ ಫ್ರಾಂಕರ ರಾಜ ಶಾರ್ಲಮೇನ್‌ಗೆ ಚಕ್ರವರ್ತಿ ಅಂತ ಕಿರೀಟ ಇಟ್ಟರು. ಒಂದೇ ಆಸ್ತಿಗೆ ಇಬ್ಬರು ವಾರಸುದಾರರು! ಆಮೇಲೆ ಪಶ್ಚಿಮದವರು ಪೂರ್ವದವನನ್ನು ಬೇಕೆಂದೇ ‘ಗ್ರೀಕರ ಚಕ್ರವರ್ತಿ’ ಅನ್ನತೊಡಗಿದರು. ಸಾಮ್ರಾಜ್ಯ ಮುಗಿದು 104 ವರ್ಷವಾದ ಮೇಲೆ, 1557ರಲ್ಲಿ, ಹಿರೋನಿಮಸ್ ವುಲ್ಫ್ ಎಂಬ ಜರ್ಮನ್ ಪಂಡಿತ ಅದರ ಹಳೆಯ ಚರಿತ್ರೆಗಳನ್ನು ಅಚ್ಚು ಹಾಕಿಸಿದ. ಅವಕ್ಕೆ ‘ಬೈಜಾಂಟೈನ್’ ಅಂತ ಹೆಸರು ಕೊಟ್ಟ. ಅದೇ ನಿಂತಿತು. ಪಾಠ ಮಾಡುವವರಿಗೆ ಅನುಕೂಲದ ಹೆಸರು, ಒಪ್ಪೋಣ. ಆದರೆ ರೋಮ್‌ನ ಅರ್ಧ ಕಥೆ ಅದರ ಹಿಂದೆ ಮರೆಯಾಯಿತು.

ಈ ಸಾಮ್ರಾಜ್ಯದ ಏಳುಬೀಳು ನೋಡಬೇಕೆಂದರೆ ಯುದ್ಧಗಳ ಪಟ್ಟಿಗಿಂತ ಅವರ ಚಿನ್ನದ ನಾಣ್ಯ ನೋಡುವುದೇ ಒಳ್ಳೆಯದು. ಸಾಲಿಡಸ್ ಅಂತ ಅದರ ಹೆಸರು. ಸುಮಾರು ನಾಲ್ಕೂವರೆ ಗ್ರಾಂ, ಹೆಚ್ಚುಕಡಿಮೆ ಅಪ್ಪಟ ಚಿನ್ನ. ಚಕ್ರವರ್ತಿ ಜಸ್ಟಿನಿಯನ್ ಉತ್ತರ ಆಫ್ರಿಕಾ, ಇಟಲಿ ಗೆದ್ದಾಗ, 537ರಲ್ಲಿ ಹಾಗಿಯಾ ಸೋಫಿಯಾ ಎಂಬ ದೊಡ್ಡ ಚರ್ಚ್ ಮುಗಿಸಿದಾಗ ಇದ್ದದ್ದು ಇದೇ ನಾಣ್ಯ. ಏಳನೇ ಶತಮಾನದಲ್ಲಿ ಸಿರಿಯಾ, ಈಜಿಪ್ಟ್ ಅರಬ್ಬರ ಪಾಲಾದಾಗಲೂ ಇದೇ. ನಮ್ಮ ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಇಂಥ ನಾಣ್ಯಗಳ ನಿಧಿಯೇ ಸಿಕ್ಕಿದೆ. ದಕ್ಷಿಣ ಭಾರತದಲ್ಲಿ ಸಿಕ್ಕ ಎಷ್ಟೋ ಸಾಲಿಡಸ್‌ಗಳಲ್ಲಿ ಚಕ್ರವರ್ತಿಯ ತಲೆಯ ಮೇಲೆ ಎರಡು ತೂತುಗಳಿವೆ. ದಾರ ಪೋಣಿಸಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು ಅಂತ ಕಾಣುತ್ತದೆ.

ಏಳುನೂರು ವರ್ಷ ನಾಣ್ಯ ಹೀಗೇ ಅಪ್ಪಟವಾಗಿ ನಡೆಯಿತು. 1025ರಲ್ಲಿ ಚಕ್ರವರ್ತಿ ಎರಡನೇ ಬೇಸಿಲ್ ಸತ್ತಾಗ ಖಜಾನೆ ತುಂಬಿತ್ತು. ಆಮೇಲೆ ಬಂದವರು ಕೈ ಬಿಗಿ ಹಿಡಿಯಲಿಲ್ಲ, ನಾಣ್ಯಕ್ಕೆ ಬೆಳ್ಳಿ ಬೆರೆಸಿದರು. 1071ರಲ್ಲಿ ಮಂಜಿಕರ್ಟ್‌ನಲ್ಲಿ ಸೆಲ್ಜುಕ್ ತುರ್ಕರು ಚಕ್ರವರ್ತಿಯನ್ನೇ ಸೆರೆ ಹಿಡಿದರು. 1080ರ ದಶಕಕ್ಕೆ ಬರುವಷ್ಟರಲ್ಲಿ ಚಿನ್ನದ ನಾಣ್ಯ ಹೆಸರಿಗಷ್ಟೇ ಚಿನ್ನ. ಮುಂದೆ ಚಕ್ರವರ್ತಿ ಅಲೆಕ್ಸಿಯಸ್ ನಾಣ್ಯವನ್ನೂ ರಾಜ್ಯವನ್ನೂ ಒಂದಿಷ್ಟು ಸುಧಾರಿಸಿದ. ಆದರೆ 1204ರಲ್ಲಿ ರಾಜಧಾನಿಯನ್ನು ಲೂಟಿ ಮಾಡಿದವರು ತುರ್ಕರಲ್ಲ. ಜೆರುಸಲೇಮಿಗೆ ಹೊರಟಿದ್ದ ಕ್ರೈಸ್ತ ಧರ್ಮಯೋಧರು! 1261ರಲ್ಲಿ ಊರು ವಾಪಸ್ ಸಿಕ್ಕಿತು, ಹಳೆಯ ಬಲ ಸಿಗಲಿಲ್ಲ.

ಬಡತನ ಎಷ್ಟಿತ್ತು ಗೊತ್ತಾ? 1343ರಲ್ಲಿ ರಾಣಿ ಆನ್ನಾ ಕಿರೀಟದ ಒಡವೆಗಳನ್ನು 30,000 ಚಿನ್ನದ ಡುಕಾಟ್‌ಗೆ ವೆನಿಸ್‌ನಲ್ಲಿ ಅಡವಿಟ್ಟಳು. ಬಿಡಿಸಿಕೊಳ್ಳಲು ಕೊನೆಗೂ ಆಗಲಿಲ್ಲ. ನಾಲ್ಕು ವರ್ಷದ ನಂತರ ಪಟ್ಟಾಭಿಷೇಕ ನಡೆದಾಗ ಕಿರೀಟದಲ್ಲಿದ್ದದ್ದು ಬಣ್ಣದ ಗಾಜು. ಔತಣಕ್ಕೆ ಚಿನ್ನ, ಬೆಳ್ಳಿಯ ತಟ್ಟೆಗಳ ಬದಲು ಮಣ್ಣಿನ ಮತ್ತು ತವರದ ಪಾತ್ರೆಗಳು. 1453ರ ಮೇ 29ರಂದು 21 ವರ್ಷದ ಆಟೊಮನ್ ತುರ್ಕರ ಸುಲ್ತಾನ ಮೆಹಮದ್ ಗೋಡೆ ಒಡೆದು ಒಳಗೆ ಬಂದಾಗ, ಉಳಿದಿದ್ದದ್ದು ಆ ಊರು ಮತ್ತು ಅಲ್ಲೊಂದು ಇಲ್ಲೊಂದು ತುಂಡು ನೆಲ.

ಗೆದ್ದವನು ಏನಂತ ಕರೆಸಿಕೊಂಡ ಗೊತ್ತಾ? ‘ಕೈಸರ್-ಇ-ರೂಮ್’. ರೋಮಿನ ಸೀಸರ್! ತುರ್ಕರು, ಅರಬ್ಬರು, ಪರ್ಷಿಯನ್ನರು ಆ ನಾಡನ್ನು ಮೊದಲಿನಿಂದಲೂ ರೂಮ್ ಅಂತಲೇ ಕರೆಯುತ್ತಿದ್ದರು. ಅಲ್ಲಿನ ಕೋನ್ಯಾದಲ್ಲಿ ನೆಲೆಸಿದ ಸೂಫಿ ಕವಿ ಜಲಾಲುದ್ದೀನ್ ‘ರೂಮಿ’ ಆದದ್ದೂ ಅದರಿಂದಲೇ.

1912ರಲ್ಲಿ ಗ್ರೀಸ್ ಸೈನ್ಯ ತುರ್ಕರ ಕೈಯಲ್ಲಿದ್ದ ಲೆಮ್ನೋಸ್ ದ್ವೀಪಕ್ಕೆ ಬಂದಿಳಿಯಿತು. ಹುಡುಗರು ಸೈನಿಕರನ್ನು ನೋಡಲು ಓಡಿಬಂದರು. ‘ಏನು ನೋಡ್ತಿದ್ದೀರಿ?’ ಅಂದ ಒಬ್ಬ ಸೈನಿಕ. ‘ಗ್ರೀಕರನ್ನು’ ಅಂದರು. ‘ಯಾಕೆ, ನೀವು ಗ್ರೀಕರಲ್ವಾ?’ ಅಂತ ಕೇಳಿದರೆ, ಗ್ರೀಕ್ ಮಾತಾಡುವ ಆ ಹುಡುಗರು ಹೇಳಿದರಂತೆ: ‘ಅಲ್ಲ, ನಾವು ರೋಮನ್ನರು.’