ಕೋತಿಗೊಂದು ಪಟ್ಟಿ, ಮಾತಿಗೊಂದು ಪಟ್ಟಿ

2024ರ ಆಗಸ್ಟ್‌ನಲ್ಲಿ ಹಲವು ದೇಶಗಳ ಗೇಮ್ ಸ್ಟ್ರೀಮರ್‌ಗಳಿಗೆ (ಗೇಮ್ ಆಡೋದನ್ನು ಇಂಟರ್ನೆಟ್ಟಿನಲ್ಲಿ ಲೈವ್ ತೋರಿಸುವವರಿಗೆ) ಒಂದು ಇಮೇಲ್ ಬಂತು. 'ಬ್ಲ್ಯಾಕ್ ಮಿಥ್: ವುಕಾಂಗ್' ಅನ್ನೋ, ಕೋತಿಯೇ ನಾಯಕನಾದ ಚೀನೀ ಗೇಮನ್ನು ಎಲ್ಲರಿಗಿಂತ ಮೊದಲು, ಪುಕ್ಕಟೆಯಾಗಿ ಆಡೋಕೆ ಒಂದು ಕೋಡ್. ಜೊತೆಗೆ 'ಇವೆಲ್ಲ ಬೇಡ' ಅನ್ನೋ ಪಟ್ಟಿ. ರಾಜಕೀಯ ಬೇಡ. 'ಸ್ತ್ರೀವಾದಿ ಪ್ರಚಾರ' ಬೇಡ. ಚೀನಾದ ಗೇಮ್ ನೀತಿಯ ಮಾತು ಬೇಡ. ಕೋವಿಡ್, ಕ್ವಾರಂಟೈನ್ ಅನ್ನೋ ಪದಗಳೂ ಬೇಡ. ಕೋತಿಯ ಆಟಕ್ಕೂ ಕ್ವಾರಂಟೈನ್‌ಗೂ ಎಲ್ಲಿಂದೆಲ್ಲಿಗೆ ಸಂಬಂಧ ಅಂತ ಜನ ನಕ್ಕರು. ಕೆಲವರಂತೂ ಬೇಕಂತಲೇ ಅದೇ ಪದಗಳನ್ನು ತಮ್ಮ ಸ್ಟ್ರೀಮ್‌ನ ತಲೆಬರಹ ಮಾಡಿಕೊಂಡರು.

ಆಮೇಲೆ ಎದ್ದ ಗಲಾಟೆಯಲ್ಲಿ ಯಾರು ಯಾರನ್ನು ಬೈಯುತ್ತಿದ್ದಾರೆ ಅಂತಲೇ ಗೊತ್ತಾಗದ ಹಾಗಾಯಿತು. ಹಾಗಾಗಿ ಸ್ವಲ್ಪ ಹಿಂದಿನಿಂದ ಬರೋಣ.

ಈ ಕೋತಿಯ ಗುರು ನಮಗೆ ಹಳೇ ಪರಿಚಯ. ಶಾಲೆಯ ಪುಸ್ತಕದ ಹ್ಯೂಯೆನ್ ತ್ಸಾಂಗ್ ನೆನಪಿರಬೇಕಲ್ವಾ? ಪುಲಕೇಶಿಯನ್ನು ಹರ್ಷನಿಗೂ ಮಣಿಸಲಾಗಲಿಲ್ಲ, ಯುದ್ಧಕ್ಕೆ ಮುಂಚೆ ಪುಲಕೇಶಿಯ ಆನೆಗಳಿಗೆ ಹೆಂಡ ಕುಡಿಸುತ್ತಿದ್ದರು ಅಂತೆಲ್ಲ ಬರೆದಿಟ್ಟವನು. ಅವನು 645ರಲ್ಲಿ 657 ಗ್ರಂಥಗಳ ಜೊತೆ ಚೀನಾಕ್ಕೆ ಮರಳಿದ. ಮುಂದಿನ ಸಾವಿರ ವರ್ಷದಲ್ಲಿ ಅವನ ಪ್ರಯಾಣಕ್ಕೆ ಕಥೆಗಾರರು ಕೋತಿ, ಹಂದಿ, ರಾಕ್ಷಸರನ್ನೆಲ್ಲ ಸೇರಿಸಿದರು. 1592ರಲ್ಲಿ ಅದು 'ಪಶ್ಚಿಮ ಯಾತ್ರೆ' ಅನ್ನೋ 100 ಅಧ್ಯಾಯಗಳ ಕಾದಂಬರಿಯಾಗಿ ಅಚ್ಚಾಯಿತು.

ಕೋತಿಯ ಹೆಸರು ಸುನ್ ವುಕಾಂಗ್. ವುಕಾಂಗ್ ಅಂದ್ರೆ ಶೂನ್ಯವನ್ನು ಅರಿತವನು. ಅವನು ಸ್ವರ್ಗದಲ್ಲಿ ದಾಂಧಲೆ ಎಬ್ಬಿಸಿದಾಗ ಬುದ್ಧ ಅವನನ್ನು ಬೆಟ್ಟದಡಿ ಹಾಕಿ, ಮೇಲೆ 'ಓಂ ಮಣಿ ಪದ್ಮೇ ಹೂಂ' ಅಂತ ಬರೆದ ಚೀಟಿ ಅಂಟಿಸಿದ. ಬೈಲುಕುಪ್ಪೆಯ ಬಾವುಟಗಳ ಮೇಲೆ ಕಾಣುತ್ತಲ್ಲ, ಅದೇ ಮಂತ್ರ. 500 ವರ್ಷ ಅಲ್ಲೇ ಬಿದ್ದಿದ್ದ.

ನನಗೆ ಇಷ್ಟವಾದದ್ದು 14ನೇ ಅಧ್ಯಾಯ. ಬೆಟ್ಟದಿಂದ ಬಿಡುಗಡೆಯಾದ ಕೋತಿ ದಾರಿಯಲ್ಲಿ ಆರು ಕಳ್ಳರನ್ನು ಕೊಲ್ಲುತ್ತಾನೆ. ಕಳ್ಳರ ಹೆಸರುಗಳಲ್ಲಿ ಕಣ್ಣು, ಕಿವಿ, ಮೂಗು, ನಾಲಿಗೆ, ಮನಸ್ಸು, ಮೈ ಬರುತ್ತವೆ. ಬೌದ್ಧರ ಲೆಕ್ಕದಲ್ಲಿ ಇವೇ ಆರು ಇಂದ್ರಿಯಗಳು. ಮನಸ್ಸು ಮರ್ಕಟ ಅಂತ ನಾವೂ ಹೇಳ್ತೀವಲ್ಲ, ಅಂಥ ಮರ್ಕಟವೇ ಇಂದ್ರಿಯಗಳನ್ನು ಚಚ್ಚಿಹಾಕಿದ ಕಥೆ ಇದು. ಗುರು ಬೈಯುತ್ತಾನೆ. ಕೋತಿ ಮುನಿಸಿಕೊಂಡು ಹೊರಟುಹೋಗುತ್ತಾನೆ. ಅಷ್ಟರಲ್ಲಿ ಗುವಾನ್‌ಯಿನ್, ಅಂದರೆ ನಮ್ಮ ಅವಲೋಕಿತೇಶ್ವರನ ಚೀನೀ ಹೆಣ್ಣುರೂಪ, ಮುದುಕಿಯ ವೇಷದಲ್ಲಿ ಬಂದು ಗುರುವಿಗೆ ಒಂದು ಅಂಗಿ, ಒಂದು ಟೋಪಿ ಕೊಡುತ್ತಾಳೆ. ಕೋತಿ ವಾಪಸ್ ಬಂದು ಗಂಟು ಬಿಚ್ಚಿ ನೋಡುತ್ತಾನೆ. ಈ ಟೋಪಿ ಹಾಕಿಕೊಂಡರೆ ಕಲಿಯದೆಯೇ ಮಂತ್ರ ಬಾಯಿಗೆ ಬರುತ್ತೆ ಅಂತಾನೆ ಗುರು. ಪುಕ್ಕಟೆ ವಿದ್ಯೆ! ಕೋತಿ ತಾನೇ ಟೋಪಿ ಹಾಕಿಕೊಳ್ಳುತ್ತಾನೆ. ಗುರು ಮೆಲ್ಲಗೆ ಏನೋ ಗುನುಗುತ್ತಾನೆ. ಕೋತಿ ತಲೆ ಹಿಡಿದು ಹೊರಳಾಡುತ್ತಾನೆ. ಟೋಪಿ ಹರಿದು ಬಿಸಾಡಿದರೂ ಅದರೊಳಗಿದ್ದ ಬಂಗಾರದ ಪಟ್ಟಿ ತಲೆಗೇ ಬೇರುಬಿಟ್ಟಿರುತ್ತದೆ.

ಯಾರೂ ಬಲವಂತವಾಗಿ ತೊಡಿಸಲಿಲ್ಲ ಅನ್ನೋದನ್ನು ಗಮನಿಸಬೇಕು. ಕೊನೆಗೆ ಕೋತಿ ಬುದ್ಧನಾದಾಗ ಪಟ್ಟಿ ತೆಗೆಸಿಕೊಡಿ ಅಂತ ಕೇಳುತ್ತಾನೆ. ತಲೆ ಮುಟ್ಟಿ ನೋಡಿಕೋ ಅಂತಾನೆ ಗುರು. ಪಟ್ಟಿ ತಾನಾಗಿಯೇ ಮಾಯವಾಗಿರುತ್ತದೆ. ತನ್ನನ್ನು ತಾನೇ ಹಿಡಿತದಲ್ಲಿ ಇಟ್ಟುಕೊಳ್ಳಬಲ್ಲವನಿಗೆ ಪಟ್ಟಿ ಯಾಕೆ ಅನ್ನೋದು ಬೌದ್ಧರ ಓದು. ಅದೂ ಸರಿಯೇ. ಆದರೆ ಅಲ್ಲಿವರೆಗೆ ಮಂತ್ರ ಇದ್ದದ್ದು ಬೇರೆಯವರ ಬಾಯಲ್ಲಿ.

ಇನ್ನು ಮಾತಿನ ಪಟ್ಟಿ. 2009ರ ಬೇಸಿಗೆಯಲ್ಲಿ ಚೀನಾದಲ್ಲಿ ಟ್ವಿಟರ್, ಫೇಸ್‌ಬುಕ್ ಬಂದ್ ಆದವು. ಆಗಸ್ಟ್‌ನಲ್ಲಿ ಟ್ವಿಟರ್ ಥರದ್ದೇ ಚೀನೀ ತಾಣ ವೈಬೊ ಬಂತು. ಜನ ಅಲ್ಲಿ ಮಾತಾಡಿದರು, ಕತ್ತರಿಯೂ ಆಡಿತು. 'ಸಾಮರಸ್ಯದ ಸಮಾಜ' ಅನ್ನೋದು ಆಗಿನ ಸರ್ಕಾರಿ ಘೋಷಣೆ. ಚೀನೀ ಭಾಷೆಯಲ್ಲಿ ಸಾಮರಸ್ಯ ಅನ್ನೋ ಪದವೂ ನದಿ ಏಡಿ ಅನ್ನೋ ಪದವೂ ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತವೆ. ಪೋಸ್ಟ್ ಅಳಿಸಿಹೋದರೆ 'ನದಿ ಏಡಿ ಹಿಡೀತು' ಅನ್ನೋದು ರೂಢಿಯಾಯಿತು. 2013ರಲ್ಲಿ ಕಾನೂನೂ ಬಿಗಿಯಾಯಿತು. ಸುಳ್ಳು, ಮಾನಹಾನಿ ಅನ್ನಿಸಿಕೊಂಡ ಪೋಸ್ಟನ್ನು 500 ಜನ ಹಂಚಿದರೆ ಅಥವಾ 5000 ಜನ ನೋಡಿದರೆ ಬರೆದವರಿಗೆ 3 ವರ್ಷದವರೆಗೆ ಜೈಲಾಗಬಹುದು. ಇಲ್ಲೂ 500! ಸುಮ್ನೆ ಕಾಕತಾಳೀಯ ಅನ್ನಿ.

2018ರಲ್ಲಿ ಲೈಂಗಿಕ ಕಿರುಕುಳದ ವಿರುದ್ಧದ 'ಮೀ ಟೂ' ಚಳವಳಿ ಚೀನಾಕ್ಕೂ ಬಂತು. ಆ ಹ್ಯಾಷ್‌ಟ್ಯಾಗ್‌ಗೆ ಕತ್ತರಿ ಬಿದ್ದಾಗ ಹೆಂಗಸರು ಅನ್ನದ ಬಟ್ಟಲಿನ ಚಿತ್ರ, ಪಕ್ಕದಲ್ಲಿ ಮೊಲದ ಚಿತ್ರ ಹಾಕತೊಡಗಿದರು. ಅಲ್ಲಿ ಅಕ್ಕಿಗೆ 'ಮಿ', ಮೊಲಕ್ಕೆ 'ತು'. ಆ ವರ್ಷದ ಮಾರ್ಚ್‌ನಲ್ಲೇ, ಮಹಿಳಾ ದಿನದ ಹೊತ್ತಿಗೆ, ದೊಡ್ಡ ಸ್ತ್ರೀವಾದಿ ಖಾತೆಯೊಂದು ಮುಚ್ಚಿಹೋಗಿತ್ತು.

2020ರ ಆಗಸ್ಟ್‌ನಲ್ಲಿ ವುಕಾಂಗ್ ಗೇಮಿನ ಮೊದಲ ವಿಡಿಯೊ ಬಂದಾಗ ಇದೇ ಬಿಸಿ ಇನ್ನೂ ಆರಿರಲಿಲ್ಲ. ಗೇಮ್ ತಯಾರಿಸುತ್ತಿದ್ದ ಸ್ಟುಡಿಯೊದ ಕೆಲವರ ಹಳೇ ಪೋಸ್ಟ್‌ಗಳಲ್ಲಿ ಹೆಂಗಸರ ಬಗ್ಗೆ ಅಸಭ್ಯ ಮಾತಿದೆ ಅಂತ ಟೀಕೆ ಶುರುವಾಯಿತು. 2023ರಲ್ಲಿ ಅದು ಇಂಗ್ಲಿಷ್ ಗೇಮ್ ಸುದ್ದಿತಾಣಕ್ಕೂ ಹೋಯಿತು. ಚೀನಾದಲ್ಲಿ ಬಹಳ ಜನಕ್ಕೆ ಇದು ತಮ್ಮ ದೇಶದ ಹೆಮ್ಮೆಗೆ ಮಸಿ ಬಳಿದ ಹಾಗೆ ಕಂಡಿತು. ಅವರ ಹೆಮ್ಮೆಗೆ ಕಾರಣವೂ ಇತ್ತು. ಗೇಮ್ ಮೂರೇ ದಿನದಲ್ಲಿ 1 ಕೋಟಿ ಪ್ರತಿ ಖರ್ಚಾಯಿತು. ಅದರಲ್ಲಿ ಕಾಣುವ ಶಾಂಕ್ಸಿ ಪ್ರಾಂತ್ಯದ ಹಳೇ ಬೌದ್ಧ ಗುಡಿಗಳಿಗೆ ಜನ ಮುಗಿಬಿದ್ದರು. ಗುಡಿ ನೋಡೋಕೆ ಹುಡುಗರು ಸಾಲು ನಿಂತದ್ದು ನನಗಂತೂ ಖುಷಿ ಕೊಟ್ಟ ಸುದ್ದಿ.

ಅದೇ ವಾರ, ಗೇಮಿನ ನೆಪದಲ್ಲಿ 'ಗಂಡು-ಹೆಣ್ಣಿನ ಜಗಳ' ಹಚ್ಚುತ್ತಿದ್ದಾರೆ ಅಂತ ಹೇಳಿ ವೈಬೊ 138 ಖಾತೆಗಳ ಬಾಯಿ ಮುಚ್ಚಿಸಿತು. ಸ್ಟ್ರೀಮರ್‌ಗಳಿಗೆ ಹೋದ ಪಟ್ಟಿಗೆ ಯಾವ ಸರ್ಕಾರದ ಮೊಹರೂ ಇರಲಿಲ್ಲ. ಯಾರೂ ಕೇಳುವ ಮೊದಲೇ ಯಾರೋ ಹುಷಾರಾಗಿ ಬರೆದಿಟ್ಟ ಹಾಗಿತ್ತು, ಅಷ್ಟೆ.

ಗೇಮ್ ಇನ್ನೂ ಮುಗಿಸದವರು ಇಲ್ಲಿಗೇ ನಿಲ್ಲಿಸಬಹುದು. ಆಟದುದ್ದಕ್ಕೂ ನೀವು ಹುಡುಕೋದು ವುಕಾಂಗ್‌ನ ಆರು ಇಂದ್ರಿಯಗಳನ್ನು. ಕೊನೆಗೆ ಎರಡು ಮುಕ್ತಾಯ ಇವೆ. ಸೀದಾ ದಾರಿಯಲ್ಲಿ ಆಡಿದವರ ತಲೆಗೆ ಒಬ್ಬ ಮುದಿ ಕೋತಿ ಅದೇ ಬಂಗಾರದ ಪಟ್ಟಿ ತೊಡಿಸುತ್ತಾನೆ. ಅಡ್ಡದಾರಿಗಳನ್ನೆಲ್ಲ ಹುಡುಕಿ, ವುಕಾಂಗ್‌ನ ನೆನಪುಗಳನ್ನೂ ಪಡೆದವರ ತಲೆ ಖಾಲಿಯಾಗಿಯೇ ಉಳಿಯುತ್ತದೆ.